ಗೆರೆ ಎಳೆದ್ರೆ ವಿಮಾನ ಹಾರಲ್ಲ

ಬೀದರ್‌ನಿಂದ ಶಿವಮೊಗ್ಗಕ್ಕೆ ವಿಮಾನದಲ್ಲಿ ಎಷ್ಟು ಹೊತ್ತು? ಇಂಟರ್ನೆಟ್‌ನಲ್ಲಿ ಕೇಳಿ ನೋಡಿ. ದೂರ ಸುಮಾರು 490 ಕಿಲೋಮೀಟರ್, ಹಾರಾಟದ ಸಮಯ ಒಂದು ಗಂಟೆ ಚಿಲ್ಲರೆ ಅನ್ನೋ ಥರದ ಉತ್ತರ ಸಿಗುತ್ತೆ. ಜೊತೆಗೆ ಒಂದು ನಕ್ಷೆ, ನಕ್ಷೆ ಮೇಲೆ ಒಂದು ಚಂದದ ಗೆರೆ, ಗೆರೆಯ ತುದಿಯಲ್ಲಿ ಪುಟ್ಟ ವಿಮಾನದ ಚಿತ್ರ. ಎರಡೂ ನಿಲ್ದಾಣಗಳ ಮೂರಕ್ಷರದ ಕೋಡ್ ಕೂಡ ಇರುತ್ತೆ. ಒಂದು ವಿಷಯ ಮಾತ್ರ ಇರೋದಿಲ್ಲ. ಬೀದರ್‌ನಿಂದ ಶಿವಮೊಗ್ಗಕ್ಕೆ ನೇರ ವಿಮಾನವೇ ಇಲ್ಲ ಅನ್ನೋದು.

ಇಲ್ಲದ ವಿಮಾನಕ್ಕೆ ಹಾರಾಟದ ಸಮಯ ಹೇಳೋದನ್ನ ನಾವು ಮಾಹಿತಿ ಅಂತೀವಿ. ನಮ್ಮಜ್ಜಿ ಇದಕ್ಕೆ ಬೇರೆ ಹೆಸರು ಇಡ್ತಿದ್ದಳು.

ನಾನು ಹನ್ನೆರಡು ವರ್ಷದಿಂದ ಕೋಡ್ ಬರೆದೇ ಹೊಟ್ಟೆ ಹೊರೀತಿರೋನು. ಹಾಗಾಗಿ ಈ ಪುಟಗಳು ಹೇಗೆ ಹುಟ್ಟುತ್ತವೆ ಅನ್ನೋದು ಗೊತ್ತು. ಪ್ರಪಂಚದ ವಿಮಾನ ನಿಲ್ದಾಣಗಳ ಒಂದು ಪಟ್ಟಿ ಬೇಕು. ಪ್ರತಿಯೊಂದಕ್ಕೂ ಅಕ್ಷಾಂಶ, ರೇಖಾಂಶ. ಭೂಮಿಯನ್ನ 6,371 ಕಿ.ಮೀ. ತ್ರಿಜ್ಯದ ಗೋಳ ಅಂದ್ಕೊಂಡು, ಹ್ಯಾವರ್ಸೈನ್ ಅನ್ನೋ ಹಳೇ ಸೂತ್ರಕ್ಕೆ ಎರಡು ಬಿಂದುಗಳನ್ನ ಕೊಟ್ರೆ ಅವುಗಳ ನಡುವಿನ ಅತಿ ಕಡಿಮೆ ದೂರ ಬರುತ್ತೆ. ಅದನ್ನ ಗಂಟೆಗೆ 800 ಕಿ.ಮೀ. ವೇಗದಿಂದ ಭಾಗಿಸಿ, ಏರೋದಕ್ಕೂ ಇಳಿಯೋದಕ್ಕೂ ಸೇರಿ ಅರ್ಧ ಗಂಟೆ ಕೂಡಿಸಿದ್ರೆ ಮುಗೀತು. ಇಂಜಿನಿಯರಿಂಗ್ ಎರಡನೇ ವರ್ಷದ ಹುಡುಗ ಒಂದು ಮಧ್ಯಾಹ್ನದಲ್ಲಿ ಬರೀಬಹುದು.

ಆಮೇಲೆ ಒಂದರೊಳಗೊಂದು ಎರಡು ಲೂಪ್. ಪಟ್ಟಿಯಲ್ಲಿ 5,000 ನಿಲ್ದಾಣ ಇದ್ರೆ ಜೋಡಿಗಳೆಷ್ಟು? 1 ಕೋಟಿ 24 ಲಕ್ಷದ 97 ಸಾವಿರದ 500. ಅಷ್ಟೂ ಜೋಡಿಗೆ ಒಂದೊಂದು ಪುಟ, ಒಂದೊಂದು ಪುಟಕ್ಕೂ ಜಾಹೀರಾತು. ಅದರಲ್ಲಿ ನಿಜವಾಗಿ ವಿಮಾನ ಹಾರೋ ಜೋಡಿಗಳು ಒಂದು ಹಿಡಿಯಷ್ಟು. ಉಳಿದದ್ದೆಲ್ಲ ಬರೀ ಗೆರೆ.

ಸೂತ್ರದ ಮೇಲೆ ನನಗೆ ಸಿಟ್ಟಿಲ್ಲ. ಅದು ಕೇಳಿದ ಪ್ರಶ್ನೆಗೆ ಸರಿಯಾಗೇ ಉತ್ತರ ಕೊಡುತ್ತೆ: ಭೂಮಿ ಮೇಲೆ ಈ ಎರಡು ಚುಕ್ಕಿಗಳ ನಡುವೆ ಎಷ್ಟು ದೂರ? ಆದರೆ ಮನುಷ್ಯ ಕೇಳೋ ಪ್ರಶ್ನೆ ಅದಲ್ಲ. ಮನುಷ್ಯ ಕೇಳೋದು, ನಾನು ಈಗ ಹೊರಟ್ರೆ ಅಲ್ಲಿಗೆ ಯಾವಾಗ ಮುಟ್ತೀನಿ ಅಂತ. ಈ ಎರಡು ಪ್ರಶ್ನೆಗಳ ನಡುವೆ ಇರೋ ಅಂತರದಲ್ಲೇ ಸಣ್ಣ ಊರುಗಳ ಜನ ಬದುಕ್ತಿರೋದು.

ಆ ಅಂತರದಲ್ಲಿ ಏನೇನಿದೆ ನೋಡೋಣ. ಮೊದಲನೆಯದು, ವೇಗ. ನಮ್ಮ ಸಣ್ಣ ನಿಲ್ದಾಣಗಳಿಗೆ ಹೆಚ್ಚಾಗಿ ಬರೋದು ಎಟಿಆರ್ ಥರದ ಪಂಖದ ವಿಮಾನ. ಅದರ ವೇಗ ಗಂಟೆಗೆ 500 ಕಿ.ಮೀ. ಆಸುಪಾಸು. 800ರಿಂದ ಭಾಗಿಸೋದು ಶುರುವಿಗೇ ತಪ್ಪು. ಇರಲಿ, ಇದು ಸಣ್ಣ ವಿಷಯ, ಇಪ್ಪತ್ತು ನಿಮಿಷದ ಜಗಳ.

ಎರಡನೆಯದು, ದಾರಿ. ಬೀದರ್‌ನಿಂದ ಶಿವಮೊಗ್ಗಕ್ಕೆ ವಿಮಾನದಲ್ಲೇ ಹೋಗ್ತೀನಿ ಅಂತ ಹಟ ಹಿಡಿದ್ರೆ ಬೆಂಗಳೂರಿಗೆ ಬಂದು ಹೋಗಬೇಕು. ಬೀದರ್–ಬೆಂಗಳೂರು ಗೆರೆ ಎಳೆದು ಅಳೆದ್ರೆ ಸುಮಾರು 520 ಕಿ.ಮೀ. ಬೆಂಗಳೂರು–ಶಿವಮೊಗ್ಗ ಸುಮಾರು 240. ಒಟ್ಟು 760. ಅಂದ್ರೆ ನಕ್ಷೆ ಹೇಳೋದರ ಒಂದೂವರೆ ಪಟ್ಟು. ನಮ್ಮ ರಾಜ್ಯದ ವಿಮಾನ ಸಂಪರ್ಕದ ನಕ್ಷೆ ಬಿಡಿಸಿ ನೋಡಿ. ನೆಟ್‌ವರ್ಕಿಂಗ್ ಪಾಠದಲ್ಲಿ ಓದಿದ ಸ್ಟಾರ್ ಟೋಪಾಲಜಿ ನೆನಪಾಗುತ್ತೆ. ನಡುವೆ ಬೆಂಗಳೂರು, ಸುತ್ತ ಊರುಗಳು, ಊರು ಊರಿನ ನಡುವೆ ಏನೂ ಇಲ್ಲ. ಅಲ್ಲೊಂದು ಇಲ್ಲೊಂದು ಕೊಂಡಿ ಆಗಾಗ ಹುಟ್ಟುತ್ತೆ, ಆಗಾಗ ಸಾಯುತ್ತೆ.

ಮೂರನೆಯದು, ಕಾಯೋದು. ಇದೇ ಎಲ್ಲಕ್ಕಿಂತ ದೊಡ್ಡದು, ಯಾವ ಪುಟವೂ ಇದನ್ನ ಲೆಕ್ಕಕ್ಕೆ ತಗೊಳ್ಳಲ್ಲ. ದಕ್ಷಿಣ ಅಟ್ಲಾಂಟಿಕ್ ಸಾಗರದ ನಡುವೆ ಸೇಂಟ್ ಹೆಲೆನಾ ಅಂತ ಒಂದು ದ್ವೀಪ ಇದೆ. ನೆಪೋಲಿಯನ್ ಸತ್ತ ಜಾಗ. 2017ರವರೆಗೆ ಅಲ್ಲಿಗೆ ವಿಮಾನ ಸಂಚಾರ ಇರಲಿಲ್ಲ. ಕೇಪ್ ಟೌನ್‌ನಿಂದ ಹಡಗಲ್ಲಿ ಐದು ದಿನದ ಪ್ರಯಾಣ. ಆ ವರ್ಷ ಜೊಹಾನ್ಸ್‌ಬರ್ಗ್‌ನಿಂದ ವಾರಕ್ಕೊಂದು ವಿಮಾನ ಶುರುವಾಯ್ತು. ಅಲ್ಲಿಂದ 1,300 ಕಿ.ಮೀ. ಆಚೆ ಅಸೆನ್ಷನ್ ಅಂತ ಇನ್ನೊಂದು ದ್ವೀಪ. ಎರಡರ ನಡುವೆ ಹಾರಾಟ ಸುಮಾರು ಎರಡು ಗಂಟೆ. ಆದರೆ ಆ ವಿಮಾನ ಶುರುವಾದಾಗ ಇದ್ದದ್ದು ತಿಂಗಳಿಗೊಂದು. ಇವತ್ತಿನದು ತಪ್ಪಿದ್ರೆ ಸೇಂಟ್ ಹೆಲೆನಾದಿಂದ ಅಸೆನ್ಷನ್‌ಗೆ ಎಷ್ಟು ದೂರ? ಎರಡು ಗಂಟೆಯಲ್ಲ. ಒಂದು ತಿಂಗಳು, ಎರಡು ಗಂಟೆ.

ಅದು ಸಾಗರದ ನಡುವಿನ ಕಲ್ಲುಗುಡ್ಡ, ಅಲ್ಲಿ ಇರೋದೇ ಕೆಲವು ಸಾವಿರ ಜನ. ಹಾಗಾಗಿ ಅಲ್ಲಿನವರು ಇದನ್ನ ಒಪ್ಪಿಕೊಂಡು ಬದುಕ್ತಾರೆ, ವಿಮಾನದ ದಿನ ಯಾವುದು ಅಂತ ಊರಿಗೆಲ್ಲ ಗೊತ್ತಿರುತ್ತೆ. ನಮ್ಮದು ಹಾಗಲ್ಲ. ನಮ್ಮ ನಿಲ್ದಾಣ ದ್ವೀಪದಲ್ಲಿಲ್ಲ, ಸುತ್ತ ಲಕ್ಷಾಂತರ ಜನ ಇದ್ದಾರೆ. ಆದ್ರೂ ಬಾಗಿಲು ತೆರೆದಿರುತ್ತೆ, ವಿಮಾನ ಇರಲ್ಲ.

ಮಾತು ಸುಮ್ಮನೆ ಲೆಕ್ಕಾಚಾರದ್ದಲ್ಲ. ನಮ್ಮೂರು ಬೀದರ್ ಜಿಲ್ಲೆ ಔರಾದ್ ತಾಲ್ಲೂಕಿನಲ್ಲಿದೆ. ನಮ್ಮಕ್ಕ ಶಿವಮೊಗ್ಗದಲ್ಲಿ ನರ್ಸ್. ನಾನು ಬೆಂಗಳೂರಲ್ಲಿ. 2024ರ ಬೇಸಿಗೆಯಲ್ಲಿ ಒಂದು ಬೆಳಗ್ಗೆ ಏಳು ಗಂಟೆಗೆ ಕಾಕಾನ ಫೋನ್ ಬಂತು, ಆಯಿ ಹೋದಳು ಅಂತ. ಆಯಿ ಅಂದ್ರೆ ನಮ್ಮಜ್ಜಿ. ನಮ್ಮಿಬ್ಬರನ್ನೂ ಸಾಕಿದವಳು ಅವಳೇ.

ಅಕ್ಕ ಫೋನ್ ಮಾಡಿ ಅಂದದ್ದು ಇಷ್ಟೇ: "ತಮ್ಮಾ, ನಾ ಹೊಂಟೀನಿ. ನಾ ಬರೋತನಕ ಇಡ್ತಾರೇನು ಕೇಳು."

ಕೇಳಿದೆ. ಕಾಕಾ, "ಎಲ್ಲೀತನಕ ಇಡಬೇಕಪ್ಪ? ಬಿಸಲು ಗೊತ್ತಿಲ್ಲೇನು ನಿನಗ?" ಅಂದ. ಹೊತ್ತು ಮುಳುಗೋದರೊಳಗೆ ಮಣ್ಣು ಅಂತ ತೀರ್ಮಾನ ಆಯ್ತು.

ಈಗ ಲೆಕ್ಕ ನೋಡಿ. ಗೆರೆ ಎಳೆದು ಅಳೆದ್ರೆ ನಾನು ಬೀದರ್‌ಗೆ 520 ಕಿ.ಮೀ. ದೂರ, ಅಕ್ಕ 490. ಅಕ್ಕನೇ ಹತ್ತಿರ. ನಾನು ಹೈದರಾಬಾದ್ ವಿಮಾನ ಹಿಡಿದೆ. ಬೆಂಗಳೂರು–ಹೈದರಾಬಾದ್ ನಡುವೆ ದಿನವಿಡೀ ಒಂದರ ಹಿಂದೊಂದು ವಿಮಾನ ಇವೆ. ಅಲ್ಲಿಂದ ಟ್ಯಾಕ್ಸಿ. ಮಧ್ಯಾಹ್ನ ನಾಲ್ಕಕ್ಕೆ ಊರಲ್ಲಿದ್ದೆ. ಮಣ್ಣು ಕೊಟ್ಟೆ.

ಅಕ್ಕನ ಊರಲ್ಲೂ ವಿಮಾನ ನಿಲ್ದಾಣ ಇತ್ತು. ಬೀದರ್‌ನಲ್ಲೂ ಇತ್ತು. ಆದರೆ ಆಗ ಬೀದರ್‌ಗೆ ಯಾವ ವಿಮಾನವೂ ಬರ್ತಿರಲಿಲ್ಲ. ಶಿವಮೊಗ್ಗದಿಂದ ಹೈದರಾಬಾದ್‌ಗೆ ವಾರದಲ್ಲಿ ಕೆಲವು ದಿನ ಒಂದು ವಿಮಾನ ಇತ್ತು, ಅವತ್ತು ಆ ದಿನ ಆಗಿರಲಿಲ್ಲ. ಸಾವು ವೇಳಾಪಟ್ಟಿ ನೋಡ್ಕೊಂಡು ಬರುತ್ತಾ? ಅಕ್ಕ ಬಸ್ ಹತ್ತಿದಳು. ರಸ್ತೆಯಲ್ಲಿ ಸುಮಾರು 600 ಕಿ.ಮೀ. ಹಗಲು ನೇರ ಬಸ್ ಸಿಗದೆ ಹೊಸಪೇಟೆಯಲ್ಲಿ ಒಂದು, ಕಲಬುರಗಿಯಲ್ಲಿ ಇನ್ನೊಂದು ಬದಲಾಯಿಸಿ ಬೀದರ್ ಮುಟ್ಟಿದಾಗ ರಾತ್ರಿ ಹನ್ನೊಂದೂವರೆ. ಅವಳಿಗೆ ಸಿಕ್ಕಿದ್ದು ಹಸಿ ಮಣ್ಣಿನ ಗುಡ್ಡೆ.

ಇದು ಯಾರ ತಪ್ಪು ಅಂತ ಬೆರಳು ಮಾಡೋಕೆ ಹೇಳ್ತಿಲ್ಲ. ದೂರ ಅನ್ನೋದನ್ನ ಕಿಲೋಮೀಟರಲ್ಲಿ ಅಳೆದ್ರೆ ಹತ್ತಿರ ಇದ್ದವಳು ಅಕ್ಕ. ಮನುಷ್ಯ ಮುಟ್ಟೋ ಹೊತ್ತಲ್ಲಿ ಅಳೆದ್ರೆ ಹತ್ತಿರ ಇದ್ದವನು ನಾನು. ಆ ವ್ಯತ್ಯಾಸಕ್ಕೆ ಒಂದೇ ಕಾರಣ, ನಾನು ನಕ್ಷತ್ರದ ನಡುಮಧ್ಯ ಇದ್ದೆ, ಅವಳು ಒಂದು ತುದಿಯಲ್ಲಿದ್ದಳು.

ಈ ಗೆರೆ ಎಳೆಯೋ ಚಾಳಿ ಬರೀ ವೆಬ್‌ಸೈಟ್‌ಗಳದ್ದಲ್ಲ. ಬೀದರ್ ನಿಲ್ದಾಣದ ಕಥೆಯೇ ಇದಕ್ಕೆ ಸಾಕ್ಷಿ. ಅಲ್ಲಿ ವಾಯುಪಡೆಯ ರನ್‌ವೇ ಹಿಂದಿನಿಂದಲೂ ಇದೆ. ಆದರೂ ಜನಸಾಮಾನ್ಯರ ವಿಮಾನಕ್ಕೆ ವರ್ಷಗಟ್ಟಲೆ ಅಡ್ಡಿಯಾದ ವಿಷಯಗಳಲ್ಲಿ ಒಂದು ಹೈದರಾಬಾದ್ ನಿಲ್ದಾಣದ ಒಪ್ಪಂದ. ಆ ನಿಲ್ದಾಣದಿಂದ ವಾಯುಮಾರ್ಗದ 150 ಕಿ.ಮೀ. ಒಳಗೆ ಇನ್ನೊಂದು ನಿಲ್ದಾಣ ಬರಕೂಡದು ಅನ್ನೋ ಷರತ್ತು ಅದರಲ್ಲಿತ್ತು. ಗೆರೆ ಎಳೆದ್ರೆ ಬೀದರ್ ಅಲ್ಲಿಗೆ ಸುಮಾರು 125 ಕಿ.ಮೀ. ಸಿಕ್ಕಿಬಿತ್ತು. ನಮ್ಮ ಔರಾದಿನ ರೈತ ಹೈದರಾಬಾದ್ ನಿಲ್ದಾಣಕ್ಕೆ ಹೋಗೋಕೆ ಎಷ್ಟು ಗಂಟೆ ಬೇಕು, ಎಷ್ಟು ದುಡ್ಡು ಬೇಕು ಅಂತ ಷರತ್ತು ಕೇಳಲಿಲ್ಲ. ನಿಮಗೆ ಬೇಡ ಅನ್ನೋದಕ್ಕೂ ಗೆರೆ, ನಿಮಗೆ ಈಗ ಒಂದೇ ಗಂಟೆ ಅನ್ನೋದಕ್ಕೂ ಗೆರೆ!

ಕೊನೆಗೆ 2020ರ ಫೆಬ್ರವರಿಯಲ್ಲಿ ಉಡಾನ್ ಯೋಜನೆಯಡಿ ಬೀದರ್–ಬೆಂಗಳೂರು ವಿಮಾನ ಹಾರಿತು. ಹಾರ, ತುರಾಯಿ, ಭಾಷಣ ಎಲ್ಲ ಆಯ್ತು. ಆ ಕಂಪನಿ, ಟ್ರೂಜೆಟ್, 2022ರಲ್ಲಿ ಹಾರಾಟವನ್ನೇ ನಿಲ್ಲಿಸಿತು. ಅದೇ ವರ್ಷ ಸ್ಟಾರ್ ಏರ್ ಬಂತು. 2023ರ ಡಿಸೆಂಬರ್‌ನಲ್ಲಿ ಅದೂ ನಿಂತಿತು. 2025ರ ಏಪ್ರಿಲ್‌ನಲ್ಲಿ ರಾಜ್ಯ ಸರ್ಕಾರ ನಷ್ಟ ತುಂಬಿಕೊಡೋ ಏರ್ಪಾಡಿನ ಮೇಲೆ ಮತ್ತೆ ಶುರುವಾಯ್ತು. ಈ ಐದು ವರ್ಷದಲ್ಲಿ ಬೀದರ್‌ಗೂ ಬೆಂಗಳೂರಿಗೂ ಇರೋ ದೂರ ಒಂದು ಮೀಟರೂ ಬದಲಾಗಲಿಲ್ಲ. ಹಾರಾಟದ ಸಮಯವೂ ಬದಲಾಗಲಿಲ್ಲ. ಪುಟ ನೋಡಿದವನಿಗೆ ಎಲ್ಲ ದಿನವೂ ಒಂದೇ ಉತ್ತರ. ನಿಲ್ದಾಣಕ್ಕೆ ಹೋದವನಿಗೆ ಮಾತ್ರ ಗೊತ್ತು, ಬಾಗಿಲು ಯಾವತ್ತು ತೆರೆದಿತ್ತು ಅಂತ.

ಇದು ಬೀದರ್ ಒಂದರ ಹಣೆಬರಹ ಅಂದ್ಕೋಬೇಡಿ. ಉಡಾನ್ ಬಗ್ಗೆ ಮಹಾಲೇಖಪಾಲರ ವರದಿ 2023ರಲ್ಲಿ ಸಂಸತ್ತಿನ ಮುಂದೆ ಬಂತು. ಯೋಜನೆಯ ಮೂರನೇ ಹಂತದವರೆಗೆ ಹಂಚಿದ ಮಾರ್ಗಗಳು 774. ಅದರಲ್ಲಿ 403 ಮಾರ್ಗಗಳಲ್ಲಿ ಒಂದು ವಿಮಾನವೂ ಹಾರಲಿಲ್ಲ. ಶುರುವಾದ 371ರಲ್ಲಿ ಸರ್ಕಾರದ ರಿಯಾಯ್ತಿಯ ಮೂರು ವರ್ಷ ಪೂರ್ತಿ ಮಾಡಿದ್ದು 112. ಆ ಮೂರು ವರ್ಷದ ನಂತರವೂ ಉಸಿರಾಡ್ತಿದ್ದದ್ದು, 2023ರ ಮಾರ್ಚ್ ಹೊತ್ತಿಗೆ, 54. ಹವಾಯಿ ಚಪ್ಪಲಿ ಹಾಕಿದವನೂ ವಿಮಾನ ಹತ್ತುವಂತಾಗಬೇಕು ಅನ್ನೋದು ಈ ಯೋಜನೆಯ ಆಸೆ. ಆಸೆಯ ಬಗ್ಗೆ ತಕರಾರಿಲ್ಲ. ಸುಮಾರು ಒಂದು ಗಂಟೆಯ ಹಾರಾಟಕ್ಕೆ 2,500 ರೂಪಾಯಿ ಅಂತ ಅರ್ಧ ಸೀಟುಗಳಿಗೆ ಮಿತಿ ಹಾಕಿದ್ದೂ ಒಳ್ಳೇದೇ. ಆದರೆ 774ರಲ್ಲಿ 54 ಉಳಿಯೋ ವ್ಯವಸ್ಥೆಯನ್ನ ನಮ್ಮ ಕಂಪನಿಯಲ್ಲಿ ಯಾರಾದ್ರೂ ಪ್ರೊಡಕ್ಷನ್‌ಗೆ ಬಿಟ್ಟಿದ್ರೆ ಸೋಮವಾರ ಬೆಳಗ್ಗೆ ಮೀಟಿಂಗ್ ಕರೀತಿದ್ರು. ಇಲ್ಲಿ ರಿಬ್ಬನ್ ಕತ್ತರಿಸಿದ ಫೋಟೋ ಬಂದ್ರೆ ಪ್ರಾಜೆಕ್ಟ್ ಕ್ಲೋಸ್.

ನಾವು ಅಳೆಯೋದು ಏನನ್ನ ಅಂತ ನೋಡಿ. ಶಿವಮೊಗ್ಗದ ರನ್‌ವೇ 3.2 ಕಿ.ಮೀ. ಉದ್ದ ಅನ್ನೋದು ನಾಲ್ಕನೇ ಕ್ಲಾಸಿನ ಮಕ್ಕಳಿಗೂ ಗೊತ್ತು. ಖರ್ಚು ಸುಮಾರು 450 ಕೋಟಿ ಅನ್ನೋದೂ ಗೊತ್ತು. 2023ರ ಫೆಬ್ರವರಿ 27ಕ್ಕೆ ಉದ್ಘಾಟನೆ ಆಯ್ತು, ಮೊದಲ ಪ್ರಯಾಣಿಕರ ವಿಮಾನ ಬಂದಿದ್ದು ಆಗಸ್ಟ್ 31ಕ್ಕೆ. ಆರು ತಿಂಗಳ ಈ ಅಂತರ ಯಾರಿಗೂ ನೆನಪಿಲ್ಲ. ಕಾಂಕ್ರೀಟ್ ಅಳೆಯೋದು ಸುಲಭ. ವಾರಕ್ಕೆ ಎಷ್ಟು ದಿನ ವಿಮಾನ ಬಂತು, ಎಷ್ಟು ದಿನ ರದ್ದಾಯ್ತು, ರದ್ದಾದವರು ಆಮೇಲೆ ಹೇಗೆ ಹೋದ್ರು ಅನ್ನೋದನ್ನ ಅಳೆಯೋಕೆ ಯಾರಿಗೂ ಪುರುಸೊತ್ತಿಲ್ಲ.

ಇನ್ನು ನಮ್ಮಂಥ ಐಟಿ ಮಂದಿಯ ವಿಷಯಕ್ಕೆ ಬರೋಣ. ಈ ಒಂದು ಗಂಟೆ ಚಿಲ್ಲರೆಯ ಸುಳ್ಳನ್ನ ಅತಿ ಬೇಗ ನಂಬೋರು ನಾವೇ. ಆಫೀಸಲ್ಲಿ ರಜೆ ಕೇಳಿದ್ರೆ, "ಗುರು, ನಿಮ್ಮೂರಿಗೆ ಈಗ ಫ್ಲೈಟ್ ಇದೆಯಂತಲ್ಲ, ಇನ್ನೇನು? ಶುಕ್ರವಾರ ಹೋಗಿ ಭಾನುವಾರ ಬಾ" ಅಂತಾರೆ. ಕಲಬುರಗಿ ಕಡೆಯ ಹುಡುಗಿ ಎರಡು ದಿನ ಹೆಚ್ಚು ಕೇಳಿದ್ರೆ ಮ್ಯಾನೇಜರ್ ಫೋನಲ್ಲಿ ಹುಡುಕಿ, ಒಂದು ಗಂಟೆ ಅಂತ ತೋರಿಸ್ತಿದೆಯಲ್ಲ ಅಂತ ಹುಬ್ಬೇರಿಸ್ತಾರೆ. ಸೈಟು ಮಾರೋರ ಬ್ರೋಷರಲ್ಲಿ ವಿಮಾನ ನಿಲ್ದಾಣಕ್ಕೆ ಇಪ್ಪತ್ತೇ ನಿಮಿಷ ಅಂತ ಇರುತ್ತೆ, ಅಲ್ಲಿಂದ ವಿಮಾನ ಎಲ್ಲಿಗೆ ಅಂತ ಇರಲ್ಲ. ವರ್ಗಾವಣೆಯ ಆದೇಶ ಬರೆಯೋ ಅಧಿಕಾರಿಗೂ ಗೋಡೆ ಮೇಲೆ ಕಾಣೋದು ಇದೇ ನಕ್ಷೆ. ಬೀದರ್‌ನವರನ್ನ ಶಿವಮೊಗ್ಗಕ್ಕೆ ಹಾಕಿದ್ರೆ ಒಂದೇ ರಾಜ್ಯ ತಾನೇ, ಏನು ಮಹಾ ದೂರ?

ಇದಕ್ಕೆ ಉತ್ತರ ಕೊಡೋರೂ ಇದ್ದಾರೆ. ಒಂದು ವಾದ: ಪುಟ ಹೇಳೋದು ದೂರ ಮಾತ್ರ, ವಿಮಾನ ಇದೆ ಅಂತ ಎಲ್ಲಿ ಹೇಳಿದೆ? ಸರಿ. ಹಾಗಾದ್ರೆ ಹಾರಾಟದ ಸಮಯ ಅಂತ ಯಾಕೆ ಬರೀಬೇಕು? ಹಾರೋದು ಯಾವುದು? ಬಾವಿಯಲ್ಲಿ ನೀರಿಲ್ಲದೆ ಹಗ್ಗದ ಉದ್ದ ಹೇಳಿದ ಹಾಗಾಯ್ತು. ಬಾಯಾರಿದವನಿಗೆ ಹಗ್ಗದ ಅಳತೆ ಏನು ಪ್ರಯೋಜನ?

ಇನ್ನೊಂದು ವಾದ ಇದಕ್ಕಿಂತ ಗಟ್ಟಿಯಾದದ್ದು. ಮೊದಲು ನಿಲ್ದಾಣ ಕಟ್ಟಿ, ಜನ ಆಮೇಲೆ ಬರ್ತಾರೆ, ಹುಬ್ಬಳ್ಳಿ ನೋಡಿ ಅಂತ. ಒಪ್ಪಿದೆ. ಹುಬ್ಬಳ್ಳಿಗೆ ಉಡಾನ್‌ನಿಂದ ನಿಜಕ್ಕೂ ಅನುಕೂಲ ಆಗಿದೆ. ಆದರೆ ಹುಬ್ಬಳ್ಳಿ ವ್ಯಾಪಾರದ ಊರು, ಅಲ್ಲಿ ಸೀಟು ತುಂಬಿತು, ತುಂಬಿದ ಮೇಲೆ ವಿಮಾನ ಉಳೀತು. ಸೀಟು ತುಂಬದ ಊರಿಗೆ ಏನು ಅನ್ನೋದೇ ಪ್ರಶ್ನೆ. ಇವತ್ತು ಇದ್ದು ನಾಳೆ ಇಲ್ಲದ ವಿಮಾನವನ್ನ ನಂಬಿ ಯಾರೂ ತಮ್ಮ ಬದುಕಿನ ಲೆಕ್ಕ ಹಾಕೋದಿಲ್ಲ. ಲೆಕ್ಕ ಹಾಕದೆ ಇದ್ರೆ ಸೀಟು ತುಂಬೋದಿಲ್ಲ. ಸೀಟು ತುಂಬದೆ ಇದ್ರೆ ವಿಮಾನ ನಿಲ್ಲುತ್ತೆ. ಈ ಸುಳಿಯಿಂದ ಹೊರಗೆ ಬರೋಕೆ ಇನ್ನೊಂದು ಉದ್ಘಾಟನೆ ಸಾಲದು. ವಾರಕ್ಕೆ ಮೂರೇ ದಿನ ಆಗಲಿ, ಐದು ವರ್ಷ ತಪ್ಪದೆ ಬರ್ತೀವಿ ಅನ್ನೋ ಮಾತು ಬೇಕು.

ಮತ್ತೆ, ಎಲ್ಲ ದೂರಕ್ಕೂ ವಿಮಾನವೇ ಮದ್ದಲ್ಲ. ಬೀದರ್–ಕಲಬುರಗಿ ರೈಲು ಮಾರ್ಗ ಬರೀ 110 ಕಿ.ಮೀ. ಅದು ಉದ್ಘಾಟನೆ ಆಗಿದ್ದು 2017ರ ಅಕ್ಟೋಬರ್‌ನಲ್ಲಿ. ಅಲ್ಲಿವರೆಗೆ ನಮ್ಮ ಜಿಲ್ಲೆಯಿಂದ ರಾಜಧಾನಿಗೆ ಹೋಗೋ ರೈಲು ಪಕ್ಕದ ರಾಜ್ಯ ಹಾದು ಸುತ್ತಿ ಹೋಗ್ತಿತ್ತು. ಆ 110 ಕಿಲೋಮೀಟರ್ ಹಳಿ ನಮ್ಮ ಜನರಿಗೆ ಕೊಟ್ಟದ್ದು ದಿನಾ ಇರೋ ದಾರಿ. ಹವಾಮಾನ ಕೆಟ್ಟರೂ ಬರುತ್ತೆ, ಸಬ್ಸಿಡಿ ಮುಗಿದ್ರೂ ಬರುತ್ತೆ, ಜನರಲ್ ಬೋಗಿಯಲ್ಲಿ ಚೀಲ ಹಾಕ್ಕೊಂಡು ಕೂರಬಹುದು. ಊರಿಂದ ಊರಿಗೆ, ಬೆಂಗಳೂರನ್ನ ಮುಟ್ಟದೆ ಹೋಗೋ ಒಂದು ರಾತ್ರಿ ರೈಲು ಬೀದರ್, ಕಲಬುರಗಿ, ಹೊಸಪೇಟೆ, ಶಿವಮೊಗ್ಗ, ಮಂಗಳೂರು ಅಂತ ಓಡಿದ್ರೆ ಎಷ್ಟು ಮನೆಗಳು ಹತ್ತಿರ ಆಗ್ತವೆ ಅಂತ ಯೋಚನೆ ಮಾಡಿ. ಅದಕ್ಕೆ ರಿಬ್ಬನ್ ಕತ್ತರಿಸೋ ಉತ್ಸಾಹ ಯಾರಿಗೂ ಇಲ್ಲ, ಯಾಕಂದ್ರೆ ಬೆಂಗಳೂರಿಂದ ನೋಡಿದ್ರೆ ಆ ರೈಲು ಕಾಣೋದೇ ಇಲ್ಲ.

ಹಾಗಾಗಿ ನಾನು ಕೇಳೋದು ದೊಡ್ಡದೇನಲ್ಲ. ಸರ್ಕಾರ ಪ್ರತಿ ಜಿಲ್ಲಾ ಕೇಂದ್ರದಿಂದ ಇನ್ನೊಂದು ಜಿಲ್ಲಾ ಕೇಂದ್ರಕ್ಕೆ, ಬಸ್ಸು, ರೈಲು, ವಿಮಾನ ಯಾವುದಾದ್ರೂ ಸರಿ, ಬೆಳಗ್ಗೆ ಏಳಕ್ಕೆ ಹೊರಟವನು ಮನೆ ಬಾಗಿಲಿಂದ ಮನೆ ಬಾಗಿಲಿಗೆ ಎಷ್ಟು ಗಂಟೆಯಲ್ಲಿ ಮುಟ್ಟುತ್ತಾನೆ ಅಂತ ಒಂದು ಪಟ್ಟಿ ಪ್ರಕಟಿಸಲಿ. ಪ್ರತಿ ವರ್ಷ ಪ್ರಕಟಿಸಲಿ. 31 ಜಿಲ್ಲೆ, 465 ಜೋಡಿ, ಒಂದು ಎಕ್ಸೆಲ್ ಶೀಟು. ಯಾವ ಜೋಡಿಯ ಗಂಟೆ ಕಡಿಮೆ ಆಯ್ತು, ಯಾವುದು ಹೆಚ್ಚಾಯ್ತು ಅನ್ನೋದರ ಮೇಲೆ ಮಂತ್ರಿಗಳು ಭಾಷಣ ಮಾಡಲಿ, ನಾನೇ ಚಪ್ಪಾಳೆ ತಟ್ತೀನಿ. ರನ್‌ವೇ ಉದ್ದ ಹೇಳಿ ಚಪ್ಪಾಳೆ ಕೇಳಬೇಡಿ.

ಕೋಡ್ ಬರೆಯೋ ನನ್ನ ಜಾತಿಯವರಿಗೂ ಒಂದು ಮಾತು. ನಿಮ್ಮ ಪುಟದಲ್ಲಿ ಎರಡು ನಿಲ್ದಾಣಗಳ ನಡುವೆ ಗೆರೆ ಎಳೆಯೋ ಮುಂಚೆ ವೇಳಾಪಟ್ಟಿಯಲ್ಲಿ ಆ ಜೋಡಿ ಇದೆಯಾ ಅಂತ ನೋಡಿ. ಒಂದು ಇಫ್ ಕಂಡಿಷನ್, ಅಷ್ಟೇ. ಇದ್ರೆ ಸಮಯ ಹೇಳಿ, ವಾರಕ್ಕೆ ಎಷ್ಟು ದಿನ ಅಂತಲೂ ಹೇಳಿ. ಇಲ್ಲದಿದ್ರೆ ಗೆರೆ ಅಳಿಸಿ, ಆ ಜಾಗದಲ್ಲಿ ದೊಡ್ಡ ಅಕ್ಷರದಲ್ಲಿ ಬರೀರಿ: ನೇರ ವಿಮಾನ ಇಲ್ಲ. ಜಾಹೀರಾತಿಗೆ ನಾಲ್ಕು ಕ್ಲಿಕ್ ಕಡಿಮೆ ಆಗಬಹುದು. ಆದರೆ ಇಲ್ಲ ಅನ್ನೋದನ್ನ ಇಲ್ಲ ಅಂತ ಬರೆದ ದಿನವೇ, ಯಾಕಿಲ್ಲ ಅಂತ ಯಾರಾದ್ರೂ ಕೇಳೋಕೆ ಶುರು ಮಾಡ್ತಾರೆ.